ಶಾಲಾ ಆಪ್ತಸಮಾಲೋಚನೆ: ಬೆಂಗಳೂರಿನ ದಂಡು ಮತ್ತು ಪೂರ್ವಭಾಗ

ಹದಿಹರೆಯದವರ ಮನಸ್ಸಿನ ತೊಂದರೆಗೆ ಅವರ ಮನೆಮಾತು, ನಂಬಿಕೆ, ನೆರೆಹೊರೆಗಳನ್ನು ಅರಿತು ಶಾಲೆಯಲ್ಲೇ ಕೊಡುವ ನೆರವು. ಅಮೆರಿಕದಲ್ಲಿ ಈ ವಿಚಾರ ಕಪ್ಪುವರ್ಣೀಯ ವಿದ್ಯಾರ್ಥಿಗಳ ಸುತ್ತ ಹೆಚ್ಚು ಚರ್ಚೆಯಾಗಿದೆ. ವರ್ಣಭೇದದಿಂದ ಬೀಳುವ ಪೆಟ್ಟನ್ನು ಅಲ್ಲಿ ತೊಂದರೆಯ ಮೂಲಗಳಲ್ಲಿ ಒಂದಾಗಿ ಎಣಿಸುತ್ತಾರೆ. ಆದರೆ ಬೆಂಗಳೂರಿನ ಶಿವಾಜಿನಗರ, ಹಲಸೂರುಗಳಲ್ಲಿ ಪ್ರಶ್ನೆ ಮೊದಲು ಏಳುವುದು ಭಾಷೆಯಿಂದ.

ಈ ಬಡಾವಣೆಗಳಿರುವ ದಂಡು (ಕಂಟೋನ್ಮೆಂಟ್), 1809ರಲ್ಲಿ ಬ್ರಿಟಿಷ್ ಸೇನೆ ನೆಲೆಯೂರಿದ ಜಾಗ; 1949ರಲ್ಲಿ ಹಳೆಯ ಊರಾದ ಪೇಟೆಯೊಡನೆ ಒಂದೇ ನಗರಪಾಲಿಕೆಗೆ ಸೇರುವವರೆಗೆ ಬೇರೆಯೇ ಊರಾಗಿತ್ತು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್ ಆಡುವ ಮಕ್ಕಳು ಇಲ್ಲಿ ಸಾಮಾನ್ಯ. ಇವರ ಬಾಯಲ್ಲಿ ‘ಖಿನ್ನತೆ’ ಎಂಬ ಪದ ಬರುವುದಿಲ್ಲ. ಒಬ್ಬಳು ‘ದಿಲ್ ಘಬರಾರಾ’ (ಎದೆ ಗಾಬರಿಯಾಗುತ್ತಿದೆ) ಎನ್ನುತ್ತಾಳೆ, ಇನ್ನೊಬ್ಬ ‘ಮನಸು ಕಷ್ಟಮಾ ಇರುಕ್ಕು’ ಎನ್ನುತ್ತಾನೆ. ಹಲವರು ಬರೀ ತಲೆನೋವು, ಟೆನ್ಷನ್ ಎಂದು ಸುಮ್ಮನಾಗುತ್ತಾರೆ. ಗೆಳತಿಯನ್ನೋ ತಮ್ಮನನ್ನೋ ದುಭಾಷಿಯಾಗಿ ಕೂರಿಸಿದರೆ ಗುಟ್ಟು ಉಳಿಯದು. ಮನೆಯವರು ಮಗುವಿನ ತೊಂದರೆಯನ್ನು ನಜರ್ ಎಂದೋ ದೃಷ್ಟಿ ಎಂದೋ ತಿಳಿದು ದರ್ಗಾಕ್ಕೆ, ದೇವಸ್ಥಾನಕ್ಕೆ, ಸೇಂಟ್ ಮೇರಿ ಬೆಸಿಲಿಕಕ್ಕೆ ಹೋಗುವುದುಂಟು. ಮೂಢನಂಬಿಕೆ ಎಂದು ಗದರಿದ ಸಮಾಲೋಚಕರ ಬಳಿಗೆ ತಾಯಿ ಎರಡನೆಯ ಸಲ ಬರುವುದು ಕಷ್ಟ. ಹರಕೆಯೂ ನಡೆಯಲಿ, ಮಾತುಕತೆಯೂ ನಡೆಯಲಿ ಎನ್ನುವವರನ್ನು ಆಕೆ ನಂಬುತ್ತಾಳೆ.

ನಗರದ ಪೂರ್ವಭಾಗದಲ್ಲಿ, ಕೆ.ಆರ್. ಪುರದ ಕಡೆಯ ಕಷ್ಟ ಬೇರೆ. ಉತ್ತರ ಕರ್ನಾಟಕ, ಆಂಧ್ರಗಳಿಂದ ಕಟ್ಟಡ ಕೆಲಸಕ್ಕೆ ಬಂದವರು ಕೆಲಸ ಮುಗಿದೊಡನೆ ಜಾಗ ಬದಲಿಸುತ್ತಾರೆ. ಒಮ್ಮೆ ಮನಸ್ಸು ಬಿಚ್ಚಿ ಮಾತಾಡಿದ ಟೀಚರು ಮಗುವಿಗೆ ಮತ್ತೆ ಸಿಗುವುದಿಲ್ಲ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆಯೆಂದು ಅಂದಾಜಿಸಿತು. ಅದೇ ಸಂಸ್ಥೆ ಶಿಕ್ಷಕರ ಮೂಲಕ ಜೀವನ ಕೌಶಲ ಕಲಿಸುವ ಪಾಠಕ್ರಮವನ್ನೂ ರೂಪಿಸಿದೆ. 2020ರಲ್ಲಿ ಆರಂಭವಾದ ಕೇಂದ್ರದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ಮನಸ್ಸಿನ ಆರೋಗ್ಯವೂ ಸೇರಿದ ಆರೋಗ್ಯ ಪಾಠಗಳ ಹೊಣೆ ಒಪ್ಪಿಸುತ್ತದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಿ ಪಡೆದ ಸಮಾಲೋಚಕರು ಇರಬೇಕೆಂದು ಸೂಚಿಸಿತು. ಶಿವಾಜಿನಗರದಂಥಲ್ಲಿ ಆ ನೇಮಕಕ್ಕೆ ಪದವಿಯಷ್ಟೇ ಸಾಲದು, ದಖನಿಯೋ ತಮಿಳೋ ಬರಲೇಬೇಕು.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ, ಹಲವು ಭಾಷೆಗಳಲ್ಲಿ ಸಿಗುತ್ತದೆ. ಆದರೆ ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯ ಹುಡುಗಿ ಯಾರ ಕಿವಿಗೂ ಬೀಳದಂತೆ ಫೋನಿನಲ್ಲಿ ಮಾತಾಡುವುದೆಲ್ಲಿ? ಶಾಲೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೊಠಡಿ ಬೇಕಿರುವುದು ಅದಕ್ಕೇ.