ಕಾರಿನೊಳಗಿನ ತಾಳಮದ್ದಳೆ

ಹೋದ ಮಳೆಗಾಲದಲ್ಲಿ ಸ್ನೇಹಿತರೊಬ್ಬರ ಕಾರಿನಲ್ಲಿ ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗಿ, ಹಿಂದಿರುಗುವಾಗ ಗುರುವಾಯನಕೆರೆಯಿಂದ ವೇಣೂರಿನ ದಾರಿ ಹಿಡಿದು ಮೂಡುಬಿದಿರೆಗೆ ಬರುವ ಸಂದರ್ಭ ಒದಗಿತು. ಪುಂಜಾಲಕಟ್ಟೆಯ ಹತ್ತಿರ ಮಳೆ ಜಡಿಯತೊಡಗಿತು. ಸ್ನೇಹಿತರು ಹೆಬ್ಬೆಟ್ಟಿನ ಗಾತ್ರದ ಪೆನ್‌ಡ್ರೈವ್ ಒಂದನ್ನು ಕಾರಿಗೆ ಸಿಕ್ಕಿಸಿ, “ನಮ್ಮ ತಂದೆಯವರು ಮೂವತ್ತು ವರ್ಷ ಕೂಡಿಹಾಕಿದ ತಾಳಮದ್ದಳೆಯೆಲ್ಲ ಇದರಲ್ಲಿ ಉಂಟು. ಯಾವುದು ಹಾಕಲಿ?” ಎಂದರು. ನಾನು ‘ಕೃಷ್ಣ ಸಂಧಾನ’ವನ್ನು ಕೇಳಿದೆ.

ಕೃಷ್ಣನು ಹಸ್ತಿನಾವತಿಗೆ ಹೊರಟದ್ದೇನೋ ಸರಿಯಾಗಿಯೇ ಆಯಿತು. ಆದರೆ ಮರುಗಳಿಗೆಯಲ್ಲಿ ಕೌರವನು ಅವನನ್ನು ಕಟ್ಟಿಹಾಕಲು ಎದ್ದು ನಿಂತಿದ್ದ! ವಿಶ್ವರೂಪವೆಲ್ಲ ಮುಗಿದು ನಾವು ವೇಣೂರು ಸಮೀಪಿಸುವಾಗ, ಅದೇ ಕೃಷ್ಣ ವಿದುರನ ಮನೆಯಲ್ಲಿ ಕುಳಿತು ಹಾಲು ಕೇಳುತ್ತಿದ್ದ. ಕಾರಣ ಬಹಳ ಸರಳ. ಪ್ರಸಂಗವನ್ನು ಹನ್ನೆರಡು ತುಂಡು ಮಾಡಿ 1, 2, 3 ಎಂದು ಹೆಸರಿಟ್ಟಿದ್ದರು. ಕಾರಿನ ಯಂತ್ರಕ್ಕೆ ಲೆಕ್ಕ ಬಾರದು, ಅಕ್ಷರಕ್ರಮ ಮಾತ್ರ ಬರುತ್ತದೆ. ಅದರ ಮಗ್ಗಿಯಲ್ಲಿ 1 ಆದ ಮೇಲೆ 10, 11, 12, ಅನಂತರ 2. ನಾವು ನಕ್ಕೆವು. ನಗು ಅಡಗಿದ ಮೇಲೆ ನಾನು, “ಕೌರವನ ಅರ್ಥ ಬಹಳ ಚೆನ್ನಾಗಿದೆಯಲ್ಲ, ಯಾರದು?” ಎಂದೆ. ಸ್ನೇಹಿತರು ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡುತ್ತಿದ್ದು, “ಗೊತ್ತಿಲ್ಲ. ತಂದೆಯವರಿಗೆ ಗೊತ್ತಿತ್ತು” ಎಂದರು.

ಆ ಒಂದು ಮಾತು ನನ್ನನ್ನು ಈ ಲೇಖನಕ್ಕೆ ಹಚ್ಚಿತು. ನಲ್ವತ್ತು ಐವತ್ತು ವರ್ಷಗಳ ಹಿಂದೆ ಕಪಾಟು ಹಿಡಿಸದಷ್ಟು ಸಂಗೀತ ಈಗ ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಕಾರಿನೊಡನೆ ಊರೂರು ತಿರುಗುತ್ತದೆ. ಇದು ಹೇಗೆ ಬಂತು, ಬರುವಾಗ ಏನನ್ನು ತಂದಿತು, ಏನನ್ನು ದಾರಿಯಲ್ಲಿ ಬೀಳಿಸಿತು ಎಂಬುದನ್ನು ನೋಡುವುದು ಉಚಿತವೆಂದು ತೋರುತ್ತದೆ.

ಮೊದಮೊದಲ ಕಾರುಗಳು ಮೂಕವಾಗಿದ್ದವು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಅಲ್ಲಿ ನಿಂತ ಹಿರಿಯ ವಾಹನಗಳಿಗೆ ಗಾಳಿಬುರುಡೆಯ ಹಾರ್ನು ಬಿಟ್ಟರೆ ಬೇರೆ ಕಂಠವಿರಲಿಲ್ಲ. ಶಿಕಾಗೋ ನಗರದ ಪಾಲ್ ಗಾಲ್ವಿನ್ ಎಂಬವರ ಕಂಪೆನಿ 1930ರಲ್ಲಿ ಕಾರಿಗೆ ಕೂರಿಸುವ ರೇಡಿಯೋ ಒಂದನ್ನು ಮಾರುಕಟ್ಟೆಗೆ ತಂದು ಅದಕ್ಕೆ ‘ಮೊಟೊರೋಲಾ’ ಎಂದು ಹೆಸರಿಟ್ಟಿತು. ಮೋಟಾರಿನ ಹೆಸರಿಗೆ ಆ ಕಾಲದ ಸಂಗೀತ ಯಂತ್ರಗಳ ಹೆಸರಿನ ಬಾಲವನ್ನು ಜೋಡಿಸಿದ ಪದ ಅದು. ರೇಡಿಯೋ ಬಂತು, ಸರಿ. ಆದರೆ ರೇಡಿಯೋ ಎಂದರೆ ಪರರು ಬಡಿಸಿದ್ದನ್ನು ಉಣ್ಣುವ ಪಂಕ್ತಿ. ನಮಗೆ ಬೇಕಾದ್ದನ್ನು ಬೇಕೆಂದಾಗ ಕೇಳುವಂತಿಲ್ಲ.

ನಮ್ಮದೇ ಹಾಡನ್ನು ಕಾರಿಗೆ ಒಯ್ಯುವ ಆಸೆಗೆ ಮೊದಲು ಕೈಹಾಕಿದವರು ಗ್ರಾಮಫೋನಿನವರು. ಅಮೆರಿಕದ ಕ್ರೈಸ್ಲರ್ ಕಂಪೆನಿ 1955ರಲ್ಲಿ ತನ್ನ ಕಾರುಗಳಿಗೆ ಒಂದು ಪುಟ್ಟ ಗ್ರಾಮಫೋನನ್ನೇ ಅಳವಡಿಸಹೊರಟಿತು. ಹೊಂಡ ಬಿದ್ದ ರಸ್ತೆಯಲ್ಲಿ ಮುಳ್ಳು ಹಾರದಂತೆ ಏನೇನೋ ಉಪಾಯ ಮಾಡಿದರು. ಅದಕ್ಕೆಂದೇ ನಿಧಾನವಾಗಿ ತಿರುಗುವ ವಿಶೇಷ ತಟ್ಟೆಗಳು ಬೇಕಾಗಿದ್ದವು. ಆ ತಟ್ಟೆಗಳನ್ನು ಕೊಲಂಬಿಯಾ ಕಂಪೆನಿ ಮಾತ್ರ ಮಾಡುತ್ತಿತ್ತು. ಮನೆಯಲ್ಲಿದ್ದ ತಟ್ಟೆ ಕಾರಿಗಾಗದು, ಕಾರಿನದು ಮನೆಗಾಗದು. ಕೆಲವೇ ವರ್ಷಗಳಲ್ಲಿ ಆ ಆಟ ಮುಗಿಯಿತು. ನಮ್ಮ ಚಾರ್ಮಾಡಿಯ ತಿರುವುಗಳನ್ನು ಆ ಯಂತ್ರ ಕಂಡಿದ್ದರೆ ಇನ್ನೂ ಬೇಗ ಮುಗಿಯುತ್ತಿತ್ತೇನೋ.

ನಿಜವಾದ ಕ್ರಾಂತಿ ಬಂದದ್ದು ಕ್ಯಾಸೆಟ್ಟಿನಿಂದ. ಹಾಲೆಂಡಿನ ಫಿಲಿಪ್ಸ್ ಕಂಪೆನಿ 1963ರಲ್ಲಿ ಅದನ್ನು ಜಗತ್ತಿಗೆ ತೋರಿಸಿತು. ಅಂಗೈಯಗಲದ ಡಬ್ಬಿ, ಒಳಗೆ ಕಬ್ಬಿಣದ ತುಕ್ಕಿನ ಬಣ್ಣದ ಸುರುಳಿ. ಅದರ ಹಿರಿಮೆ ಗಾತ್ರದಲ್ಲಿರಲಿಲ್ಲ. ಕೇಳುವವನೇ ತುಂಬಿಕೊಳ್ಳಬಹುದಾಗಿತ್ತು ಎಂಬುದರಲ್ಲಿತ್ತು. ತಟ್ಟೆಯನ್ನು ಕಾರ್ಖಾನೆ ಮಾಡಬೇಕು, ಕ್ಯಾಸೆಟ್ಟನ್ನು ಯಾರೂ ಮಾಡಬಹುದು. 1980ರ ದಶಕದಲ್ಲಿ ಭಾರತದ ತುಂಬ ಕ್ಯಾಸೆಟ್ ಅಂಗಡಿಗಳೆದ್ದವು. ಅಲ್ಲಿಯವರೆಗೆ ದೊಡ್ಡ ಕಂಪೆನಿಗಳು ಕಣ್ಣೆತ್ತಿ ನೋಡದಿದ್ದ ಪ್ರಾಂತಗಳ ಹಾಡುಗಳಿಗೆ ಮಾರುಕಟ್ಟೆ ದೊರೆಯಿತು.

ದಕ್ಷಿಣ ಕನ್ನಡದಲ್ಲಿ ಇದರಿಂದ ಆದ ಲಾಭ ಸಾಮಾನ್ಯವಾದುದಲ್ಲ. ತಾಳಮದ್ದಳೆಯನ್ನು ಕಾಣದ ವಾಚಕರಿಗಾಗಿ ಒಂದು ಮಾತು. ಇದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಚೆಂಡೆ ಮದ್ದಳೆಗಳು ಜತೆಗೂಡುತ್ತವೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದು, ಅಲ್ಲಿಯೇ ಆ ಕ್ಷಣದಲ್ಲಿಯೇ, ವಾದ ಹೂಡುತ್ತಾರೆ. ಪದ್ಯ ಅಚ್ಚಾಗಿದೆ, ಯಾವಾಗ ಬೇಕಾದರೂ ಸಿಗುತ್ತದೆ. ಅರ್ಥ ಯಾವ ಪುಸ್ತಕದಲ್ಲಿಯೂ ಇಲ್ಲ. ಇಂದು ಬಿ.ಸಿ. ರೋಡಿನಲ್ಲಿ ಆಡಿದ ವಾಲಿಯ ಮಾತು ನಾಳೆ ಉಜಿರೆಯಲ್ಲಿ ಬೇರೆಯಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇದೇ ಕಲೆಯಲ್ಲಿ ಒಂದು ಯುಗವನ್ನೇ ಆಳಿದವರು. ಅವರು ಅಂದಂದು ಆಡಿದ ಮಾತಿಗೆ ಸಾಕ್ಷಿ ಎರಡೇ: ಕೇಳಿದವರ ನೆನಪು, ಇಲ್ಲವೆ ಯಾರೋ ಅಭಿಮಾನಿ ವೇದಿಕೆಯ ಕೆಳಗಿಟ್ಟ ಟೇಪ್ ರೆಕಾರ್ಡರು.

1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ತಾಳಮದ್ದಳೆಯನ್ನು ಮನೆಮನೆಗೆ ಮುಟ್ಟಿಸಿತು. ಆದರೆ ರೇಡಿಯೋಗೆ ಗಡಿಯಾರದ ಕಟ್ಟು ಉಂಟು. ಇರುಳು ಮುಗಿದರೂ ಮುಗಿಯದ ವಾದವನ್ನು ಅದು ಹಿಡಿದಿಡಲಾರದು. ಅದನ್ನು ಹಿಡಿದವರು ಶಾಲಾ ಮಾಸ್ತರರು, ಬ್ಯಾಂಕಿನ ಗುಮಾಸ್ತರು, ಅಡಿಕೆ ತೋಟದವರು. ಅರುವತ್ತು ನಿಮಿಷದ ಕ್ಯಾಸೆಟ್ಟಾದರೆ ಅರ್ಧ ತಾಸಿಗೊಮ್ಮೆ ಮಗುಚಬೇಕು. ಇರುಳಿಡೀ ನಡೆಯುವ ಕೂಟಕ್ಕೆ ಎಂಟು ಕ್ಯಾಸೆಟ್ಟಾದರೂ ಬೇಕು. ಹದಿನೈದು ಸಲ ಕೈಯಾಡಿಸಿದ ಗುರುತು ಇಂದಿಗೂ ಆ ಧ್ವನಿಮುದ್ರಣಗಳಲ್ಲಿದೆ: ವಾದ ಬಿಸಿಯೇರಿದಾಗ ‘ಟಕ್’ ಎಂದು ಒಂದು ಸದ್ದು, ಮತ್ತೆ ಮಾತು ತೊಡಗುವಾಗ ಎರಡು ವಾಕ್ಯ ಕಾಣೆ. ನಿದ್ದೆಗೆಟ್ಟು ಕುಳಿತ ಆ ಅಭಿಮಾನಿಯ ಕೆಮ್ಮು ಕೂಡ ಕೆಲವೊಮ್ಮೆ ಕೇಳುತ್ತದೆ.

ಅನಂತರ ಅಂಬಾಸಿಡರ್ ಕಾರುಗಳಿಗೂ ಜೀಪುಗಳಿಗೂ ಕ್ಯಾಸೆಟ್ ಯಂತ್ರ ಬಂತು. ಸಂಗ್ರಹವೆಲ್ಲ ಕಾರಿಗೆ ಏರಲಿಲ್ಲ. ಏರಿದ್ದು ಹತ್ತು ಹನ್ನೆರಡು ಕ್ಯಾಸೆಟ್. ಉಳಿದುವು ಮನೆಯ ಟ್ರಂಕಿನಲ್ಲಿ. ಕರಾವಳಿಯ ಮಳೆ ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಚಪ್ಪಲಿಗೂ ಬೂಸ್ಟು ಹಿಡಿಯುವ ನಾಡಿನಲ್ಲಿ ಟೇಪಿನ ಸುರುಳಿ ಎಷ್ಟು ಕಾಲ ಬಾಳೀತು? ಎಷ್ಟೋ ಇರುಳುಗಳ ವಾಗ್ವೈಖರಿ ಹೀಗೆ ಬಿಳಿಯ ಬೂಸ್ಟಾಗಿ ಹೋಯಿತು.

ಇಷ್ಟರಲ್ಲಿ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡನ್‌ಬರ್ಗ್ ಮೊದಲಾದವರು ಧ್ವನಿಯನ್ನು ಹಿಂಡಿ ಸಣ್ಣದು ಮಾಡುವ ವಿದ್ಯೆಯನ್ನು ಸಾಧಿಸಿದ್ದರು. 1995ರಲ್ಲಿ ಅದರ ಕಡತಗಳಿಗೆ ‘ಎಂಪಿ3’ ಎಂಬ ಬಾಲ ನಿಶ್ಚಯವಾಯಿತು. ಅದರ ತತ್ತ್ವ ನಮ್ಮವರಿಗೆ ಚೆಂಡೆಯಿಂದಲೇ ತಿಳಿಯುವಂಥದು. ಚೆಂಡೆ ಮೊಳಗುವಾಗ ಪಕ್ಕದ ಚಕ್ರತಾಳದ ಸಣ್ಣ ದನಿ ಇದ್ದರೂ ಕಿವಿಗೆ ಬೀಳುವುದಿಲ್ಲ. ಕಿವಿಗೆ ಬೀಳದ್ದನ್ನು ಬರೆದಿಡುವುದೇಕೆ? ಅದನ್ನು ಬಿಟ್ಟು ಉಳಿದುದನ್ನು ಬರೆದರೆ ಕಡತದ ಗಾತ್ರ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಕಾರಿನ ಮೊರೆತದ ನಡುವೆ ಈ ನಷ್ಟವನ್ನು ಗುರುತಿಸುವ ಕಿವಿಗಳು ವಿರಳ.

1999ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ‘ಎಂಪೆಗ್’ ಎಂಬ ಸಣ್ಣ ಕಂಪೆನಿ ಗಣಕದ ಹಾರ್ಡ್ ಡಿಸ್ಕನ್ನೇ ಕಾರಿನ ರೇಡಿಯೋ ಜಾಗದಲ್ಲಿ ಕೂರಿಸಿತು. ಸಂಜೆ ಅದನ್ನು ಎಳೆದು ಮನೆಗೊಯ್ದು ಹಾಡು ತುಂಬಿ, ಬೆಳಿಗ್ಗೆ ಮತ್ತೆ ಕಾರಿಗೆ ದೂಡಬೇಕು. ಇಡೀ ಸಂಗ್ರಹ ಕಾರಿಗೆ ಏರಿದ್ದು ಆಗಲೇ. ಆ ಯಂತ್ರ 2001ರಲ್ಲಿ ನಿಂತುಹೋಯಿತು. ಆದರೆ ದಾರಿ ತೆರೆದಿತ್ತು. ಐಪಾಡ್ ಬಂತು, ಎಂಪಿ3 ಓದುವ ಸಿ.ಡಿ. ಯಂತ್ರಗಳು ಬಂದುವು, ಕೊನೆಗೆ ಪೆನ್‌ಡ್ರೈವ್ ಎಲ್ಲರ ಕೈಗೆ ಬಂತು.

ಇದರ ಅಗಾಧತೆಯನ್ನು ನಮ್ಮ ಅಳತೆಯಿಂದಲೇ ನೋಡೋಣ. ಮೇಳಗಳು ದೀಪಾವಳಿಯ ತರುವಾಯ ಹೊರಟು ಮೇ 24ರ ಸುಮಾರಿಗೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುವುದು ಪದ್ಧತಿ. ತಿರುಗಾಟವೆಂದರೆ ಸುಮಾರು 180 ಇರುಳು. ಇರುಳಿಗೆ ಎಂಟು ತಾಸಿನಂತೆ 1,440 ತಾಸು. ಸಾಧಾರಣ ಗುಣಮಟ್ಟದ ಎಂಪಿ3ಯಲ್ಲಿ ಒಂದು ತಾಸಿಗೆ ಬೇಕಾದುದು 58 ಮೆಗಾಬೈಟಿನಷ್ಟು. ಎಂದರೆ 128 ಗಿಗಾಬೈಟಿನ ಒಂದು ಪೆನ್‌ಡ್ರೈವಿನಲ್ಲಿ ಮೇಳವೊಂದರ ಇಡೀ ವರ್ಷದ ತಿರುಗಾಟ ಹಿಡಿಸಿ, ಅರ್ಧದಷ್ಟು ತಿರುಗಾಟಕ್ಕೆ ಇನ್ನೂ ಸ್ಥಳ ಉಳಿಯುತ್ತದೆ! ಬಂಟ್ವಾಳದಿಂದ ಬೆಳ್ತಂಗಡಿಗೆ ದಿನವೂ ಹೋಗಿಬರುವ ಉದ್ಯೋಗಿ, ದಿನಕ್ಕೆ ಎರಡು ತಾಸಿನಂತೆ ಕೇಳುತ್ತ ಬಂದರೂ ಒಂದು ತಿರುಗಾಟ ಮುಗಿಯಲು ಎರಡು ವರ್ಷ ಬೇಕು. ಈಚೆಗೆ ಧರ್ಮಸ್ಥಳ ಮೇಳವೂ ಸೇರಿ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ಹೊರಳಿವೆ. ಇರುಳಿಡೀ ಆಟದ ಹಳೆಯ ಧ್ವನಿಗಳು ಆದ್ದರಿಂದ ಇನ್ನಷ್ಟು ಬೆಲೆಯುಳ್ಳವಾಗಿವೆ.

“ಈಗ ಎಲ್ಲವೂ ಅಂತರ್ಜಾಲದಲ್ಲಿ ಸಿಗುತ್ತದಲ್ಲ, ಜೇಬಿನ ಸಂಗ್ರಹವೇಕೆ?” ಎಂದು ಕೇಳುವವರುಂಟು. ಘಾಟಿಯ ತಿರುವಿನಲ್ಲಿ ಸಿಗ್ನಲ್ ಕೈಕೊಟ್ಟಾಗ ಅದಕ್ಕೆ ಅರ್ಧ ಉತ್ತರ ದೊರೆಯುತ್ತದೆ. ಇನ್ನರ್ಧ ಇದು: ಸಿನಿಮಾ ಹಾಡು ಎಲ್ಲಿಯೂ ಸಿಕ್ಕೀತು, ಯಾವುದೋ ಊರಿನ ದೇವಸ್ಥಾನದ ಅಂಗಳದಲ್ಲಿ ಒಂದು ಇರುಳು ನಡೆದ ‘ಭೀಷ್ಮ ವಿಜಯ’ ಜಗತ್ತಿನಲ್ಲಿ ಒಂದೇ ಟ್ರಂಕಿನಲ್ಲಿ ಇರಬಹುದು.

ಆದರೆ ಹಿಡಿಸುವುದು ಬೇರೆ, ಉಳಿಯುವುದು ಬೇರೆ. ಕ್ಯಾಸೆಟ್ಟಿನ ಮೇಲೆ ಮಾಸ್ತರರ ಕೈಬರಹದ ಚೀಟಿಯಿತ್ತು: ಪ್ರಸಂಗ, ಊರು, ದಿನ, ಯಾರ ಯಾರ ಅರ್ಥ. ಡಿಜಿಟಲ್ ಮಾಡುವಾಗ ಧ್ವನಿ ದಾಟಿತು, ಚೀಟಿ ದಾಟಲಿಲ್ಲ. ಎಂಪಿ3 ಕಡತಕ್ಕೂ ಹೆಸರಿನ ಚೀಟಿ ಅಂಟಿಸುವ ಏರ್ಪಾಡು 1996ರಲ್ಲಿಯೇ ಬಂದಿತ್ತು. ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದನಿಗೆ 30 ಅಕ್ಷರ. ಮೂರು ನಿಮಿಷದ ಇಂಗ್ಲಿಷ್ ಹಾಡಿಗೆ ಹೊಲಿದ ಅಂಗಿ ಅದು. ಭಾಗವತರು, ಚೆಂಡೆ ಮದ್ದಳೆಯವರು, ಐದಾರು ಅರ್ಥಧಾರಿಗಳು, ಇವರಲ್ಲಿ ‘ಕಲಾವಿದ’ ಯಾರು? ಮುಂದೆ ಆ ಏರ್ಪಾಡು ಹಿಗ್ಗಿತು, ಕನ್ನಡ ಲಿಪಿಗೂ ಎಡೆಯಾಯಿತು. ಆದರೂ ಎಷ್ಟೋ ಕಾರುಗಳ ಪರದೆಯ ಮೇಲೆ ಕನ್ನಡದ ಹೆಸರು ಇಂದಿಗೂ ಖಾಲಿ ಚೌಕಗಳ ಸಾಲಾಗಿಯೇ ಕಾಣುತ್ತದೆ.

ಮೂಡುಬಿದಿರೆ ಸಮೀಪಿಸುತ್ತಿದ್ದಂತೆ ನನಗೆ ನೆನಪಾದುದು ಅಲ್ಲಿಯ ಗುರು ಬಸದಿ. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳು ಹಳಗನ್ನಡ ಲಿಪಿಯ ಓಲೆಗಳಲ್ಲಿ ಶತಮಾನಗಳ ಕಾಲ ಅಲ್ಲಿ ಕಾಪಾಡಲ್ಪಟ್ಟವು. ದೂರದೂರದ ಯಾತ್ರಿಕರು ಬಂದು ಓಲೆಕಟ್ಟುಗಳ ದರ್ಶನ ಮಾಡಿ ಹೋಗುತ್ತಿದ್ದರು, ಓದುವವರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಓಲೆಗಳು ಮುರಿದು ಉದುರತೊಡಗಿದಾಗ ಪ್ರತಿಮಾಡುವ ಕೆಲಸ ತೊಡಗಿತು. ಆ ಪ್ರತಿಗಳಿಂದಲೇ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು; 1958ರ ಹೊತ್ತಿಗೆ 16 ಸಂಪುಟಗಳು ಪೂರ್ಣವಾದವು. ಕಾಪಾಡಿದವರು ದೊಡ್ಡವರು, ಪ್ರತಿಮಾಡಿದವರು ಅವರಿಗಿಂತ ಸಣ್ಣವರಲ್ಲ. ಓಲೆಯ ಲಿಪಿಕಾರರು ಇನ್ನೊಂದು ಪಾಠವನ್ನೂ ಬಿಟ್ಟುಹೋಗಿದ್ದಾರೆ. ಗ್ರಂಥ ಮುಗಿದೆಡೆಯಲ್ಲಿ ಬರೆದವರಾರು, ಬರೆಸಿದವರಾರು, ಸಂವತ್ಸರ ಯಾವುದು ಎಂದು ನಾಲ್ಕು ಸಾಲು ಬರೆಯುವುದು ಅವರ ರೂಢಿಯಾಗಿತ್ತು.

ಆ ನಾಲ್ಕು ಸಾಲು ನಮ್ಮ ಪೆನ್‌ಡ್ರೈವಿಗೆ ಬೇಕಾಗಿದೆ. ಬರೆಯಬಲ್ಲವರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡರು. ಪುಸ್ತಕವಿಲ್ಲದೆಯೇ ಪ್ರಸಂಗಗಳನ್ನು ಹಾಡಬಲ್ಲವರೆಂದು ಖ್ಯಾತರಾದವರು. ಅಂಥ ಸಂಗ್ರಹ ಯಾವ ಯಂತ್ರದಲ್ಲಿಯೂ ಪ್ರತಿಯಾಗುವುದಿಲ್ಲ.

ಮೂಡುಬಿದಿರೆಯ ಪೇಟೆಯಲ್ಲಿ ಚಹಾಕ್ಕೆ ಇಳಿದೆವು. ಸ್ನೇಹಿತರಿಗೆ ಪರಿಚಿತರಾದ ಹಿರಿಯರೊಬ್ಬರು ಸಿಕ್ಕಿದರು. ಅವರನ್ನು ಕಾರಿನಲ್ಲಿ ಕೂರಿಸಿ ಕೌರವನ ಮಾತನ್ನು ಮತ್ತೆ ಹಾಕಿದೆವು. ಹಿರಿಯರು ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿ, ನಕ್ಕು, ಅರ್ಥಧಾರಿಯ ಹೆಸರು ಹೇಳಿದರು. ಮದ್ದಳೆಯ ಪೆಟ್ಟಿನಿಂದ ಮದ್ದಳೆಗಾರರನ್ನೂ ಗುರುತಿಸಿದರು. “ಈ ಕೂಟಕ್ಕೆ ನಾನೂ ಹೋಗಿದ್ದೆ ಮಾರಾಯರೆ. ನಿಮ್ಮ ತಂದೆಯವರು ಮುಂದಿನ ಸಾಲಿನಲ್ಲಿ ಟೇಪ್ ಹಿಡಿದುಕೊಂಡು ಕೂತಿದ್ದರು” ಎಂದರು.

ಸ್ನೇಹಿತರು ಏನೂ ಮಾತನಾಡಲಿಲ್ಲ. ಕಾರಿನಲ್ಲಿದ್ದ ಪೆಟ್ರೋಲ್ ರಸೀತಿಯ ಹಿಂಬದಿಯಲ್ಲಿ ಆ ಹೆಸರುಗಳನ್ನೆಲ್ಲ ಬರೆದುಕೊಂಡರು. ಅವರ ಸಂಗ್ರಹದಲ್ಲಿ ಇಂಥ ಕಡತಗಳು ಇನ್ನೂ ನೂರಾರು ಇವೆ. ಮುಂದಿನ ಭಾನುವಾರ ಪೆನ್‌ಡ್ರೈವನ್ನೂ ಒಂದು ನೋಟುಬುಕ್ಕನ್ನೂ ಹಿಡಿದುಕೊಂಡು ಅವರ ಮನೆಗೆ ಬರುವುದೆಂದು ಮಾತಾಯಿತು.