ಚಳಿಗಾಲದಲ್ಲಿ ಕ್ಯಾಮೆರಾ ಟ್ರ್ಯಾಪ್: ಬ್ಯಾಟರಿ, ಮಂಜು ಮತ್ತು ಮುನ್ನೆಚ್ಚರಿಕೆ

ಅಮ್ಮತ್ತಿ: ಡಿಸೆಂಬರ್ ಬಂತೆಂದರೆ ದಕ್ಷಿಣ ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲಿನ ಸಿದ್ಧತೆ ಆರಂಭ. ಮಂಜು ಕರಗುವ ಮೊದಲೇ ಕಾರ್ಮಿಕರು ಲೈನ್‌ಮನೆಗಳಿಂದ ಹೊರಡುತ್ತಾರೆ. ಕಾಡಾನೆಗಳು ತೋಟದಿಂದ ತೋಟಕ್ಕೆ ಸಾಗುವುದೂ ಅದೇ ಹೊತ್ತಿನಲ್ಲಿ. ಈ ಎರಡು ದಾರಿಗಳು ಸಂಧಿಸಿ ಜೀವಹಾನಿಯಾದ ನಿದರ್ಶನಗಳು ಜಿಲ್ಲೆಯಲ್ಲಿ ಅನೇಕ. ವನ್ಯಪ್ರಾಣಿಗಳ ಜಾಡು ತಿಳಿಯಲು ಬಳಸುವ ಕ್ಯಾಮೆರಾ ಟ್ರ್ಯಾಪ್ ಚಳಿಯಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ತೋಟದವರು ಅರಿತಿರುವುದು ಅಗತ್ಯ.

ಈ ತಂತ್ರ ಕೊಡಗಿಗೆ ಹೊಸತಲ್ಲ. 1920ರ ದಶಕದಲ್ಲೇ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ ಶಿವಾಲಿಕ್ ಕಾಡುಗಳಲ್ಲಿ ದಾರಿಗೆ ತಂತಿ ಕಟ್ಟಿ, ಹುಲಿಯೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ್ದರು. ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಪಟ್ಟೆಗಳ ಆಧಾರದಿಂದ ಹುಲಿಗಳನ್ನು ಗುರುತಿಸಿ ಸಂಖ್ಯೆ ಅಂದಾಜಿಸುವ ವಿಧಾನವನ್ನು ರೂಪಿಸಿ, 1995ರಲ್ಲಿ ಪ್ರಕಟಿಸಿದರು.

ಇಂದಿನ ಕ್ಯಾಮೆರಾಗಳಲ್ಲಿರುವ ಸಂವೇದಕವು ಪ್ರಾಣಿಯ ಮೈಮೇಲ್ಮೈ ಹಾಗೂ ಹಿನ್ನೆಲೆಯ ನಡುವಿನ ಉಷ್ಣತೆಯ ವ್ಯತ್ಯಾಸವನ್ನು, ಅದು ಚಲಿಸುವಾಗ, ಗ್ರಹಿಸುತ್ತದೆ. ಹಾಗಾಗಿ ಏಪ್ರಿಲ್ ತಿಂಗಳ ಸುಡುಬಿಸಿಲಿಗಿಂತ ಚಳಿಯಲ್ಲೇ ಅದು ಚುರುಕು. ಆದರೆ ದಟ್ಟ ರೋಮದ ಪ್ರಾಣಿಗಳು ಶಾಖವನ್ನು ಹೊರಬಿಡುವುದು ಕಡಿಮೆಯಾದ್ದರಿಂದ ಹಿಮಪ್ರದೇಶದಲ್ಲಿ ಈ ಲಾಭ ಪೂರ್ಣವಾಗಿ ದೊರೆಯದು.

ಚಳಿಗೆ ಮೊದಲು ಸೋಲುವುದು ಬ್ಯಾಟರಿ. ಸಾಮಾನ್ಯ ಆಲ್ಕಲೈನ್ ಸೆಲ್‌ಗಳೊಳಗೆ ನೀರಿನಂಶದ ದ್ರಾವಣವಿದ್ದು, ಉಷ್ಣತೆ ಇಳಿದಂತೆ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ. ಹಗಲಿನಲ್ಲಿ ಚಿತ್ರ ತೆಗೆದ ಕ್ಯಾಮೆರಾ, ರಾತ್ರಿ ಫ್ಲಾಶ್‌ಗೆ ಹೆಚ್ಚು ವಿದ್ಯುತ್ ಬೇಕಾದಾಗ ನಿಂತುಬಿಡುವುದುಂಟು. ಮೈನಸ್ 40 ಡಿಗ್ರಿಯವರೆಗೂ ಕೆಲಸ ಮಾಡುವ, ಮರುಚಾರ್ಜ್ ಮಾಡಲಾಗದ ಲಿಥಿಯಂ ಎಎ ಸೆಲ್‌ಗಳೇ ಅಲ್ಲಿ ಆಧಾರ. ಅವುಗಳದ್ದೂ ಒಂದು ಮೋಸವಿದೆ: ಮುಗಿಯುವ ಕೊನೆಯ ಗಳಿಗೆಯವರೆಗೂ ಸೂಚಕ ‘ತುಂಬಿದೆ’ ಎಂದೇ ತೋರಿಸುತ್ತಿರುತ್ತದೆ.

ಹಿಮಚಿರತೆ ಗಣತಿ ಇಂತಹ ನೆಲೆಗಳಲ್ಲೇ ನಡೆಯಿತು. 2019ರಿಂದ 2023ರವರೆಗೆ ಭಾರತೀಯ ವನ್ಯಜೀವಿ ಸಂಸ್ಥೆಯ ನೇತೃತ್ವದಲ್ಲಿ ನಡೆದು, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಹ ಕೈಜೋಡಿಸಿದ ಈ ಕಾರ್ಯದಲ್ಲಿ 1,971 ಸ್ಥಳಗಳಲ್ಲಿ ಕ್ಯಾಮೆರಾ ಇಡಲಾಯಿತು. 241 ಹಿಮಚಿರತೆಗಳು ಚಿತ್ರದಲ್ಲಿ ಸೆರೆಯಾದವು. 2024ರ ಜನವರಿಯಲ್ಲಿ ಪ್ರಕಟವಾದ ವರದಿ ದೇಶದಲ್ಲಿ 718 ಹಿಮಚಿರತೆಗಳಿವೆ ಎಂದು ಅಂದಾಜಿಸಿತು.

ಅಮ್ಮತ್ತಿಯಲ್ಲಿ ಹಿಮವಿಲ್ಲ. ಇಲ್ಲಿನ ಚಳಿಗೆ ದುಬಾರಿ ಲಿಥಿಯಂ ಸೆಲ್ ಅನಿವಾರ್ಯವೇನಲ್ಲ. ಉತ್ತಮ ಗುಣಮಟ್ಟದ ಹೊಸ ಸೆಲ್‌ಗಳು ಸಾಕು. ಹಳೆಯದು, ಹೊಸದನ್ನು ಬೆರೆಸಬಾರದು. ಇಲ್ಲಿನ ನಿಜವಾದ ಶತ್ರು ತೇವ. ಮಸೂರದ ಮೇಲೆ ಕೂತ ಇಬ್ಬನಿ ಚಿತ್ರವನ್ನು ಮಸುಕಾಗಿಸುತ್ತದೆ. ದಟ್ಟ ಮಂಜು ಅವಕೆಂಪು ಫ್ಲಾಶ್‌ನ ಬೆಳಕನ್ನು ಹಿಂದಿರುಗಿಸಿ, ಆನೆಯಿದ್ದ ಜಾಗದಲ್ಲಿ ಬರೀ ಬಿಳಿ ಪರದೆ ಉಳಿಯುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಆಗಾಗ ಬದಲಿಸಬೇಕು. ರಬ್ಬರ್ ಅಂಚು ಶುಚಿಯಾಗಿರಬೇಕು. ತಣ್ಣಗಿರುವ ಕ್ಯಾಮೆರಾವನ್ನು ಬೆಚ್ಚಗಿನ ಮನೆಯೊಳಗೆ ತಂದೊಡನೆ ತೆರೆದರೆ ಒಳಗೆಲ್ಲ ನೀರಹನಿ. ಗಾಳಿಯಾಡದ ಚೀಲದಲ್ಲಿಟ್ಟು, ಅದು ಕೋಣೆಯ ಉಷ್ಣತೆಗೆ ಬಂದ ನಂತರ ತೆರೆಯುವುದು ಕ್ಷೇಮ.

ಪೂರ್ವಕ್ಕೆ ಮುಖಮಾಡಿ ಕಟ್ಟಿದರೆ ಮುಂಜಾನೆಯ ಬಿಸಿಲು ಚಿತ್ರ ಕೆಡಿಸುತ್ತದೆ. ಎದುರಿಗೆ ಕಾಳುಮೆಣಸಿನ ಬಳ್ಳಿಯಿದ್ದರೆ, ಬಿಸಿಲಿಗೆ ಕಾದ ಎಲೆಗಳು ಗಾಳಿಗೆ ಅಲುಗಿದಾಗಲೆಲ್ಲ ಕ್ಯಾಮೆರಾ ಚಿತ್ರ ತೆಗೆದು ಮೆಮೊರಿ ಕಾರ್ಡ್ ತುಂಬುತ್ತದೆ. (ಆನೆಗಳು ಕ್ಯಾಮೆರಾವನ್ನೇ ಕಿತ್ತು ತುಳಿಯುವುದೂ ಅಪರೂಪವಲ್ಲ.) ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕ್ಯಾಮೆರಾ ಇಡುವಂತಿಲ್ಲ. ಸ್ವಂತ ತೋಟದಲ್ಲಿ ಇಡುವವರು ಕಾರ್ಮಿಕರಿಗೆ ಮೊದಲೇ ತಿಳಿಸುವುದು ಲೇಸು.

ಕಾರ್ಡ್‌ನಲ್ಲಷ್ಟೇ ಚಿತ್ರ ಉಳಿಸುವ ಕ್ಯಾಮೆರಾ ತೋರಿಸುವುದು ನಿನ್ನೆಯ ಆನೆಯನ್ನು. ಅದನ್ನು ನಂಬಿ ಮುಂಜಾನೆ ಕಾರ್ಮಿಕರನ್ನು ಕೊಯ್ಲಿಗೆ ಇಳಿಸಲಾಗದು. ಮೊಬೈಲ್‌ಗೆ ಚಿತ್ರ ರವಾನಿಸುವ ಮಾದರಿಗಳಿದ್ದರೂ ಸಂಕೇತ ಸಿಗದ ಇಳಿಜಾರುಗಳಲ್ಲಿ ಅವೂ ಮೂಕ.

ಸೆಲ್ ಬದಲಿಸಿದಾಗ ಹಲವು ಕ್ಯಾಮೆರಾಗಳ ದಿನಾಂಕ, ಸಮಯ ಮೊದಲಿನ ಸ್ಥಿತಿಗೆ ಮರಳುತ್ತವೆ. ಹುಲಿ ಜಾನುವಾರು ಕೊಂದ ಪ್ರಕರಣದಲ್ಲಿ ಇಲಾಖೆಗೆ ಚಿತ್ರ ಒಪ್ಪಿಸುವವರು ಪ್ರತಿ ಬಾರಿಯೂ ಅದನ್ನು ಸರಿಪಡಿಸಿಯೇ ಪೆಟ್ಟಿಗೆ ಮುಚ್ಚಬೇಕು.