ಪೀರ್ ಕೋಚಿಂಗ್

ಒಂದೇ ದರ್ಜೆಯ ಸಹೋದ್ಯೋಗಿಗಳು ಒಬ್ಬರ ಕೆಲಸವನ್ನು ಇನ್ನೊಬ್ಬರು ಹತ್ತಿರದಿಂದ ನೋಡಿ, ಮಾತಾಡಿಕೊಂಡು, ಕಸುಬನ್ನು ತಿದ್ದಿಕೊಳ್ಳುವ ಕ್ರಮ. ಹಿರಿಯರು ಕಿರಿಯರನ್ನು ಪಳಗಿಸುವ ಮೆಂಟರಿಂಗ್‌ಗಿಂತ ಇದು ಬೇರೆ. ಇಲ್ಲಿ ಇಬ್ಬರಲ್ಲಿ ಯಾರೂ ಮೇಲಲ್ಲ, ಯಾರೂ ಇನ್ನೊಬ್ಬರ ಬಗ್ಗೆ ವರದಿ ಬರೆದು ಮೇಲಿನವರಿಗೆ ಕೊಡುವುದಿಲ್ಲ.

ಈ ಹೆಸರಿನಲ್ಲಿ ಇದು ಬೆಳೆದದ್ದು ಅಮೆರಿಕದ ಶಾಲೆಗಳಲ್ಲಿ. ತರಬೇತಿ ಶಿಬಿರದಲ್ಲಿ ಶಿಕ್ಷಕರು ಹೊಸ ಬೋಧನಾ ವಿಧಾನವನ್ನು ಚೆನ್ನಾಗಿಯೇ ಕಲಿಯುತ್ತಾರೆ. ತರಗತಿಗೆ ಮರಳಿದ ಮೇಲೆ ಬಳಸುವವರು ಮಾತ್ರ ಕಡಿಮೆ. 1980ರ ದಶಕದಲ್ಲಿ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಇದಕ್ಕೆ ಸೂಚಿಸಿದ ಮದ್ದು, ಶಿಬಿರದ ನಂತರವೂ ಶಿಕ್ಷಕರು ಜೋಡಿಯಾಗಿ ಕೆಲಸ ಮಾಡುವುದು.

ನಡೆಯುವ ಬಗೆ ಸರಳ. ಉದಾಹರಣೆಗೆ, ಪಾಠಕ್ಕೆ ಮುಂಚೆ ಶಿಕ್ಷಕಿಯೊಬ್ಬರು ಜೊತೆಯವರಿಗೆ, "ಪ್ರಶ್ನೆ ಕೇಳಿದ ಮೇಲೆ ಮಕ್ಕಳಿಗೆ ಎಷ್ಟು ಹೊತ್ತು ಬಿಡ್ತೀನಿ, ಅದನ್ನಷ್ಟೇ ನೋಡಿ ಮೇಡಂ" ಎನ್ನುತ್ತಾರೆ. ಜೊತೆಯವರು ಕೊನೆಯ ಬೆಂಚಿನಲ್ಲಿ ಕೂತು ಗಡಿಯಾರ ನೋಡಿ ಸೆಕೆಂಡುಗಳನ್ನು ಬರೆದುಕೊಳ್ಳುತ್ತಾರೆ. ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಾರೆಂದು ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ಪಾಠ ಮಾಡುವವರಿಗೆ ತಾವಾಗಿಯೇ ಕಾಣದ ಇಂಥ ಅಭ್ಯಾಸಗಳಿಗೇ ಎರಡನೆಯ ಜೋಡಿ ಕಣ್ಣು ಬೇಕಾಗುವುದು.

ಜಾಯ್ಸ್ ಮತ್ತು ಶವರ್ಸ್ 1996ರಲ್ಲಿ ತಮ್ಮ ಪದ್ಧತಿಯನ್ನು ಅನಿರೀಕ್ಷಿತವಾಗಿ ಬದಲಿಸಿದರು. ನೋಡಿದವರು ಅಭಿಪ್ರಾಯ ಹೇಳತೊಡಗಿದೊಡನೆ ಮಾತು ತಪಾಸಣೆಯ ಧಾಟಿಗೆ ಹೊರಳುತ್ತಿತ್ತು. ಆದ್ದರಿಂದ ಬಾಯಿಮಾತಿನ ಫೀಡ್‌ಬ್ಯಾಕನ್ನೇ ಕೈಬಿಟ್ಟರು. ಹೊಸ ಏರ್ಪಾಡಿನಲ್ಲಿ ಪಾಠ ಮಾಡುವವರೇ ಕೋಚ್, ಕೂತು ನೋಡುವವರೇ ಕಲಿಯುವವರು. ಅಪ್ರೈಸಲ್ ಫಾರಂ ಹಿಡಿದು ಪೀರ್ ಕೋಚಿಂಗ್ ನಡೆಸುವ ಕಚೇರಿಗಳು ಓದಬೇಕಾದದ್ದು ಈ ತಿದ್ದುಪಡಿಯನ್ನೇ.

ಶಾಲೆಯ ಹೊರಗೂ ಇದರ ದಾಯಾದಿಗಳಿವೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ರೆಜ್ ರೆವನ್ಸ್ 1940ರ ದಶಕದಲ್ಲಿ ವ್ಯವಸ್ಥಾಪಕರನ್ನು ಚಿಕ್ಕ ಗುಂಪುಗಳಲ್ಲಿ ಕೂರಿಸಿ, ತಜ್ಞರಿಗೆ ಕಾಯದೆ ಪರಸ್ಪರರ ತೊಡಕುಗಳನ್ನು ಪ್ರಶ್ನೆಗಳಿಂದ ಬಿಡಿಸಿಕೊಳ್ಳುವಂತೆ ಪ್ರೇರೇಪಿಸಿದರು. ಸಾಫ್ಟ್‌ವೇರ್‌ನಲ್ಲಿ ಇಬ್ಬರು ಒಂದೇ ಕಂಪ್ಯೂಟರಿನ ಮುಂದೆ ಕೂತು ಕೋಡ್ ಬರೆಯುವ ರೂಢಿಯೂ ಹತ್ತಿರದ್ದೇ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇದಕ್ಕೆ ಜಾಗವಿರುವುದು ಕ್ಲಸ್ಟರ್ (ಹತ್ತಿರದ ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆಗಳಲ್ಲಿ. ಏಕೋಪಾಧ್ಯಾಯ ಶಾಲೆಯವರಿಗೆ ಪಕ್ಕದ ಕೋಣೆಯ ಸಹೋದ್ಯೋಗಿಯೇ ಇಲ್ಲ. ಅವರಿಗೆ ಮಾತಾಡಲು ಜೊತೆ ಸಿಗುವುದು ಈ ಸಭೆಗಳಲ್ಲೇ. ಆ ಹೊತ್ತನ್ನು ಸುತ್ತೋಲೆ, ಅಂಕಿಅಂಶಗಳು ನುಂಗಿದರೆ ಪಾಠದ ಮಾತು ಚಹಾ ವಿರಾಮಕ್ಕೆ ಸರಿಯುತ್ತದೆ. ಶಿಕ್ಷಕರು ಒಟ್ಟಿಗೆ ಕೂತು ಕಸುಬನ್ನು ರೂಪಿಸಿಕೊಂಡ ಉದಾಹರಣೆ ಇಲ್ಲಿಯೂ ಇದೆ: 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಚಟುವಟಿಕೆಯಿಂದ ಕಲಿಸುವ ನಲಿ-ಕಲಿಯ ಕಾರ್ಡುಗಳನ್ನು ರೂಪಿಸುವುದರಲ್ಲಿ ಶಿಕ್ಷಕರೇ ಕೈಜೋಡಿಸಿದ್ದರು.

ಮಿತಿಗಳೂ ಇವೆ. ಒಬ್ಬರು ಇನ್ನೊಬ್ಬರ ಪಾಠ ನೋಡಲು ಹೋದರೆ ಹೋದವರ ತರಗತಿಯನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಮುಖ್ಯೋಪಾಧ್ಯಾಯರು ವೇಳಾಪಟ್ಟಿಯಲ್ಲೇ ತೀರ್ಮಾನಿಸಬೇಕು. ಇಬ್ಬರಿಗೂ ವಿಷಯ ಗೊತ್ತಿಲ್ಲದಿದ್ದರೆ ತಪ್ಪೇ ಗಟ್ಟಿಯಾಗುವುದುಂಟು. ಜಾಯ್ಸ್ ಮತ್ತು ಶವರ್ಸ್ ಇದನ್ನು ತರಬೇತಿಗೆ ಬದಲಿಯಾಗಿ ಅಲ್ಲ, ಅದರ ಮುಂದುವರಿಕೆಯಾಗಿ ಇಟ್ಟಿದ್ದರು.